ದೇವಕಣ ಮತ್ತು ಖಣಿಯ ಚಪ್ಪಾಳೆ

ಭೌತಶಾಸ್ತ್ರ ಕಲಿಸುವವರಿಗೆ ಹೆದರಿಕೆಯ ಪ್ರಸಂಗಗಳು ಎದುರಾಗಬಾರದು. ಶಹಾಬಾದದಲ್ಲಿ ಮಾತ್ರ ಅವು ನನ್ನ ವೇಳಾಪಟ್ಟಿ ನೋಡಿಕೊಂಡೇ ಬರುತ್ತವೆ.

೧. ಅಲುಗುವ ಫರ್ಸಿ

ಪತ್ರಿಕೆಗಳು ‘ದೇವಕಣ’ ಎಂದು ಹೆಸರಿಟ್ಟ ಕಣದ ಪಾಠ ಮುಗಿಸಿ ಹೊರಬಂದೆ. ಬಾಗಿಲಲ್ಲಿ ನಮ್ಮ ಕಾಲೇಜಿನ ಜವಾನರು ಮುಖ ಬಿಳಿಚಿಕೊಂಡು ನಿಂತಿದ್ದರು.

“ಮೇಡಂ, ಆ ಕಣ ಹುಡಕೋ ಮಷೀನು ಭೂಮೀನ್ನೇ ನುಂಗ್ತದಂತ ಟಿವಿದಾಗ ಹೇಳಿದ್ರಲ್ರಿ. ಅದು ಬಂದ್ ಅದನೋ, ಚಾಲೂ ಅದನೋ?”

“ಚಾಲೂ ಆಗಿ ಭಾಳ ವರ್ಷ ಆತ್ರಿ. ಕಣನೂ ಸಿಕ್ತು. ಭೂಮಿ ಇದ್ದಲ್ಲೇ ಅದ.”

ಅವರು ಕಾಲ ಕೆಳಗಿನ ಕಲ್ಲುಹಾಸನ್ನು ಒತ್ತಿ ನೋಡಿ, ಗೋಡೆಗೆ ಆತುಕೊಂಡರು. “ಅದಕ್ಕೇ ನೋಡ್ರಿ, ಈ ಫರ್ಸಿ ಅಲಗಾಡ್ಲಿಕತ್ತದ!”

ಆ ಫರ್ಸಿಯನ್ನು ಹೋದ ವರ್ಷ ಕೂರಿಸಿದವರು ಅವರೇ.

೨. ಕಾಣದ್ದರ ಗುರುತು

ಮರುದಿನ ತರಗತಿಯಲ್ಲಿ ಆ ಕಣದ ಮಹತ್ವ ವಿವರಿಸಿದೆ: ಮೂಲಕಣಗಳಿಗೆ ದ್ರವ್ಯರಾಶಿ ಹೇಗೆ ಬಂತೆಂಬ ಸಿದ್ಧಾಂತವೇ ಅದರ ಮೇಲೆ ನಿಂತಿತ್ತು, ಆದರೂ ಸುಮಾರು ಅರ್ಧ ಶತಮಾನ ಅದನ್ನು ಯಾರೂ ಕಂಡಿರಲಿಲ್ಲ.

ಮುಂದಿನ ಬೆಂಚಿನ ಹುಡುಗಿ ಎದ್ದಳು. “ಹಂಗಂದ್ರ ನಮ್ಮ ಹಳೇ ಖಣಿದಾಗಿನ ದೆವ್ವನೂ ಖರೇ ಏನ್ರಿ? ಅದನ್ನೂ ಯಾರೂ ನೋಡಿಲ್ರಿ.”

ತರಗತಿ ನಕ್ಕಿತು; ಅವಳು ನಗಲಿಲ್ಲ. ಕಲ್ಲು ತೆಗೆದು ಬಿಟ್ಟ ಆ ಖಣಿಯ ದಂಡೆಯೇ ಅವಳು ಕಾಲೇಜಿಗೆ ಬರುವ ದಾರಿ. ದೆವ್ವದ ಭಯಕ್ಕೆ ಅವಳ ತಾಯಿ ಸೋಮವಾರದಿಂದ ಕಾಲೇಜು ಬಿಡಿಸುವವರಿದ್ದರು.

“ಕಂಡಿಲ್ಲ ಅನ್ನೋದು ಸಾಲಂಗಿಲ್ಲವ್ವ. ಏನು ಮಾಡಿದ್ರ ಹ್ಯಾಂಗ ಗುರ್ತು ಕೊಡ್ತದ ಅಂತ ಮೊದಲೇ ಹೇಳ್ಬೇಕು. ಆಮ್ಯಾಲ ಪರೀಕ್ಷಾ.”

“ಸಂಜೀಕ ನಾವೊಂದು ಚಪ್ಪಾಳಿ ಹೊಡದ್ರ, ಅದೂ ಒಂದು ಹೊಡೀತದ್ರಿ.”

ನನ್ನ ಟಿಪ್ಪಣಿಗಿಂತ ಸ್ಪಷ್ಟವಾದ ಉತ್ತರ. ಪರೀಕ್ಷೆಗೆ ಕೂರಬೇಕಾದವಳು ಈಗ ನಾನು.

೩. ದೃಢೀಕರಣ

ಹೊತ್ತು ಮುಳುಗುವಾಗ ತಾಯಿ, ಮಗಳು, ನಾನು ಖಣಿಯ ದಂಡೆಯಲ್ಲಿ ನಿಂತೆವು. ಕೆಳಗೆ ಹಸಿರುಗಟ್ಟಿದ ನೀರು, ಎದುರಿಗೆ ಕೊಯ್ದಿಟ್ಟಂಥ ಕಲ್ಲಿನ ಗೋಡೆ. ಗಾಳಿಯೂ ಆಡುತ್ತಿರಲಿಲ್ಲ. ಚಪ್ಪಾಳೆ ತಟ್ಟಿದೆ. ಒಂದು ಮರಳಿ ಬಂತು.

“ಗ್ವಾಡಿಗಿ ಬಡದು ಸಪ್ಪಳ ಹೊಳ್ಳಿ ಬರ್ತದ್ರಿ, ಅಷ್ಟೇ. ಒಂದು ಹೊಡದ್ರ ಒಂದೇ,” ಎಂದು ತಾಯಿಗೆ ತಿಳಿಸಿದೆ. ಒಂದೇ ಪ್ರಯೋಗವನ್ನು ನಂಬಬಾರದೆಂಬ ಶಿಸ್ತಿನಿಂದ ಮತ್ತೊಮ್ಮೆ ತಟ್ಟಿದೆ.

ಒಂದು ಬಂತು. ಆಮೇಲೆ ಪಟಪಟನೆ ನಾಲ್ಕು, ನನ್ನ ಬೆನ್ನ ಹಿಂದೆಯೇ.

ನಾನು ಓಡಿದೆ. ಅದನ್ನು ಇನ್ನೂ ಗೌರವಯುತವಾಗಿ ಹೇಳಲು ಶಬ್ದವಿಲ್ಲ. ಡಾಂಬರು ರಸ್ತೆ ಮುಟ್ಟಿದಾಗಲೇ ಒಂದು ಕಾಲಲ್ಲಿ ಚಪ್ಪಲಿ ಇಲ್ಲವೆಂದು ತಿಳಿದದ್ದು. ತಿರುಗಿ ನೋಡಿದರೆ ತಾಯಿ ಕಣ್ಣು ಮುಚ್ಚಿ, “ತಪ್ಪಾತೋ ನಮ್ಮಪ್ಪಾ, ತಪ್ಪಾತೋ” ಎನ್ನುತ್ತ ತಮ್ಮ ಗಲ್ಲಗಳನ್ನೇ ಬಡಿದುಕೊಳ್ಳುತ್ತಿದ್ದರು.

ಮಗಳು ಅವರ ಕೈ ಹಿಡಿದಳು. “ಯವ್ವಾ, ಸಾಕು ಬಿಡು! ನಿನ್ನ ಗಲ್ಲದ ಸಪ್ಪಳಕ್ಕ ಮೇಡಂ ಓಡಿಹೋದ್ರು!”

ತಾಯಿ ಕಣ್ಣು ತೆರೆದರು. ಖಣಿಯನ್ನು ನೋಡಿದರು, ದೂರದಲ್ಲಿದ್ದ ನನ್ನನ್ನು ನೋಡಿದರು. ಅಳುಕುತ್ತ ತಾವೇ ಒಂದು ಚಪ್ಪಾಳೆ ತಟ್ಟಿದರು. ಒಂದೇ ಬಂತು. ಇನ್ನೊಮ್ಮೆ ತಟ್ಟಿದರು. ಒಂದೇ.

ಮಗಳು ನನ್ನ ಚಪ್ಪಲಿ ತಂದಳು. ತಾಯಿ ನಗು ತಡೆದುಕೊಂಡು ಅಂದರು:

“ಸೋಮವಾರನೂ ಹುಡುಗೀಗಿ ಕಳಸ್ತೀನ್ರಿ ಮೇಡಂ. ಕಾಲೇಜಿನ್ಯಾಗ ಒಬ್ಬರಾದ್ರೂ ಧೈರ್ಯದೋರು ಇರಬೇಕಲ್ರಿ.”