ಬಿಂದುಮಾಧವನ ಮುಂದಿನ ಚಕ್ರ

ದಸರೆ ಬಂತೆಂದರೆ ಮೈಸೂರಿನಲ್ಲಿ ನಿಂಬೆಹಣ್ಣಿಗೂ ಕೊಂಬು ಮೂಡುತ್ತದೆ. ಮಾಮೂಲು ದಿನಗಳಲ್ಲಿ ಸೊಪ್ಪಿನವಳು ಕೊಸರಿಗೆಂದು ಚೀಲಕ್ಕೆ ಹಾಕುವ ಹಣ್ಣು ಆಯುಧಪೂಜೆಯ ಬೆಳಿಗ್ಗೆ ಸೇಬಿನ ಪಕ್ಕದಲ್ಲಿ ಕೂತು ಸೇಬಿನಷ್ಟೇ ಗತ್ತು ಮಾಡುತ್ತದೆ. ಸಹಕಾರ ಸಂಘದ ಗುಮಾಸ್ತ ಬಿಂದುಮಾಧವ ಮಾರ್ಕೆಟ್ಟಿನಲ್ಲಿ ಅದರ ಬೆಲೆ ಕೇಳಿದ, ಕಿವಿ ಸರಿಯಾಗಿದೆಯೇ ಎಂದು ಇನ್ನೊಮ್ಮೆ ಕೇಳಿದ, ಕೊನೆಗೆ ಒಂದೇ ಒಂದು ಹಣ್ಣು ಕೊಂಡು ಅಗ್ರಹಾರದ ವಠಾರಕ್ಕೆ ಮರಳಿದ. ಗಾಡಿಗೆ ಎರಡು ಚಕ್ರವಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಜೇಬಿನಲ್ಲಿ ಉಳಿದಿದ್ದುದು ಐವತ್ತರ ಒಂದು ನೋಟು, ಸಂಬಳ ಇನ್ನೂ ದೂರವಿತ್ತು.

ಆ ವರ್ಷದ ಬೋನಸ್ಸು ಪೂರ್ತಿಯಾಗಿ ಮೋಟಾರ್ ಸೈಕಲ್ಲಿನ ರೂಪ ತಾಳಿ ವಠಾರದ ಮುಂದೆ ನಿಂತಿತ್ತು. ಈಗಾಗಲೇ ಮೂವರು ಯಜಮಾನರನ್ನು ಕಂಡಿದ್ದ ಗಾಡಿ ಅದು. ಅದರ ಟೈರುಗಳು ಬಿಂದುಮಾಧವನ ನೆತ್ತಿಯಷ್ಟೇ ನುಣ್ಣಗಿದ್ದವು. ಕಾಸಿಗೆ ತಕ್ಕ ಕಜ್ಜಾಯ. ಮಾರಿದವನಿಗೂ ಒಳಗೊಳಗೇ ಏನೋ ಚುಚ್ಚಿರಬೇಕು, ಹೋಗುವಾಗ ಒಂದು ಕೆಂಪು ಹೆಲ್ಮೆಟ್ಟನ್ನು ಪುಕ್ಕಟೆಯಾಗಿ ಕೊಟ್ಟು ಹೋಗಿದ್ದ.

ಇಷ್ಟೆಲ್ಲ ಸಾಹಸಕ್ಕೆ ಕಾರಣ ಹೆಂಡತಿ ವೈಜಯಂತಿಯ ಅಕ್ಕ ಇಂದುಮತಿ. ಕುವೆಂಪುನಗರದಲ್ಲಿ ಸ್ವಂತ ಮನೆ, ಬಾಗಿಲಲ್ಲಿ ಸ್ಕೂಟರ್. ಪ್ರತಿ ವರ್ಷ ನವಮಿಯ ಸಂಜೆ ಅವಳ ಮನೆಯಲ್ಲಿ ಗೊಂಬೆ ಆರತಿ. ಆರತಿ ಮುಗಿಯುತ್ತಿದ್ದಂತೆ ಆಕೆ ತುಂಬಿದ ಹಜಾರದಲ್ಲಿ ದೊಡ್ಡ ದನಿಯಲ್ಲಿ, "ಪಾಪ, ಇವ್ರು ಬಸ್ಸಿಗೆ ಹೋಗ್ಬೇಕು ಕಣ್ರೀ, ಮೊದ್ಲು ಇವ್ರಿಗೆ ಬಡಿಸ್ಬುಡಿ" ಎನ್ನುತ್ತಿದ್ದಳು. ಕೆಟ್ಟ ಮನಸ್ಸಿನಿಂದ ಹೇಳುತ್ತಿರಲಿಲ್ಲ, ನಿಜ. ಆದರೆ ಆ 'ಪಾಪ' ಅನ್ನುವುದು ಮಾತ್ರ ಕೋಸಂಬರಿಯ ಜೊತೆ ವೈಜಯಂತಿಯ ಗಂಟಲಲ್ಲಿ ಸಿಕ್ಕಿಕೊಂಡು ಮುಂದಿನ ದಸರೆಯವರೆಗೂ ಇಳಿಯುತ್ತಿರಲಿಲ್ಲ.

ಈ ಸಲ ಅವಳು ಎಸ್‌.ಟಿ.ಡಿ. ಬೂತಿಗೆ ಹೋಗಿ ಅಕ್ಕನಿಗೆ ಫೋನು ಮಾಡಿ, ನಾವು ಗಾಡಿಯಲ್ಲಿ ಬರುತ್ತೇವೆ, ಬಡಿಸುವುದಕ್ಕೆ ಅವಸರವೇನೂ ಇಲ್ಲ ಎಂದು ಹೇಳಿಬಂದಿದ್ದಳು. ಪಕ್ಕದಲ್ಲಿ ನಿಂತು ಕೇಳಿಸಿಕೊಂಡ ಬಿಂದುಮಾಧವನಿಗೆ ಬೋನಸ್ಸು ಹೋದ ದುಃಖ ಅಲ್ಲಿಗೇ ಮರೆತುಹೋಯಿತು. ಮದುವೆಯಾದಾಗಿನಿಂದ ಹೆಂಡತಿ ಅಷ್ಟು ತಲೆಯೆತ್ತಿ ಮಾತಾಡಿದ್ದನ್ನು ಅವನು ಕಂಡಿರಲಿಲ್ಲ. ಅವಳನ್ನು ಒಂದು ಸಲ ಅಕ್ಕನ ಗೇಟಿನ ಮುಂದೆ ಗಾಡಿಯಿಂದ ಇಳಿಸಿದರೆ ಸಾಕು, ಆಮೇಲೆ ಚಕ್ರಗಳು ಕಳಚಿ ಬಿದ್ದರೂ ಚಿಂತೆಯಿಲ್ಲ ಎಂದುಕೊಂಡಿದ್ದ.

ಪೂಜೆಗೆ ಇಡೀ ವಠಾರ ನೆರೆಯಿತು. ಮೊದಲ ಮನೆಯ ಮಂಗಳಮ್ಮನವರು ಊರಿನವರ ಶುಭಕಾರ್ಯವೆಲ್ಲ ತಮ್ಮ ತಲೆಯ ಮೇಲಿದೆಯೆಂದು ತಿಳಿದವರು. ಹಿಂದಿನ ಚಕ್ರದ ಕೆಳಗೆ ಒಂಟಿ ನಿಂಬೆಹಣ್ಣನ್ನು ಕಂಡು ಅವರಿಗೆ ಕಸಿವಿಸಿಯಾಯಿತು.

"ಮುಂದಿನ ಚಕ್ರ ಏನು ಪಾಪ ಮಾಡಿತ್ತಪ್ಪ?" ಎಂದು ಕೇಳಿ, ಒಳಗೆ ಹೋಗಿ, ತಮ್ಮ ಮನೆಯದೇ ಒಂದು ನಿಂಬೆಹಣ್ಣಿಗೆ ಧಾರಾಳವಾಗಿ ಕುಂಕುಮ ಮೆತ್ತಿ ತಂದು ತಾವೇ ಚಕ್ರದ ಕೆಳಗಿಟ್ಟರು. ಬೆಲೆಯೇರಿದ ದಿನ ಇಂಥ ಔದಾರ್ಯ ಕಂಡು ಬಿಂದುಮಾಧವನ ಕಣ್ಣು ತೇವವಾಯಿತು. ಎದುರು ಮನೆಯ ನಿವೃತ್ತ ಡ್ರಿಲ್ ಮಾಸ್ತರು ಶಿವರುದ್ರಪ್ಪನವರು ಹಳೆಯ ಅಭ್ಯಾಸದಂತೆ "ಮುಂದೆ ನಡಿ" ಎಂದು ಆಜ್ಞೆ ಕೊಟ್ಟರು. ಗಾಡಿ ಎರಡೂ ಹಣ್ಣುಗಳನ್ನು ಅಪ್ಪಚ್ಚಿ ಮಾಡಿ ಗಣಪತಿ ಗುಡಿಯ ಕಡೆ ಹೊರಟಿತು.

ಬಿಂದುಮಾಧವ ಪ್ರದಕ್ಷಿಣೆ ಮುಗಿಸಿ ಹೊರಗೆ ಬಂದಾಗ ಮುಂದಿನ ಚಕ್ರ ಗಾಳಿಯೆಲ್ಲ ಬಿಟ್ಟು ನೆಲ ಹಿಡಿದು ಕೂತಿತ್ತು. ರಸ್ತೆಯಲ್ಲಿ ಯಾವುದೋ ಮೊಳೆ ಹೊಕ್ಕಿರಬೇಕೆಂದು ಎಲ್ಲರಂತೆ ಅವನೂ ತಿಳಿದ. ಪಂಚರ್ ತಾನೆ, ಹತ್ತು ರೂಪಾಯಿಯ ಕೆಲಸ ಎಂದು ಗಾಡಿಯನ್ನು ತಳ್ಳಿಕೊಂಡು ಮೂಲೆಯ ನಿಂಗಯ್ಯನ ಅಂಗಡಿಗೆ ಹೋದ.

ಅಂಗಡಿಗೆ ಬಾಳೆಕಂದು ಕಟ್ಟಿತ್ತು. ಪಾನಾ, ಸುತ್ತಿಗೆ, ಟೈರ್ ಎಬ್ಬುವ ಕಡ್ಡಿ, ಗಾಳಿ ಪಂಪು ಎಲ್ಲವೂ ಅರಿಶಿನ ಕುಂಕುಮ ಬಳಿಸಿಕೊಂಡು, ಸೇವಂತಿಗೆ ಮುಡಿದು, ಮಣೆಯ ಮೇಲೆ ಮದುಮಕ್ಕಳ ಹಾಗೆ ಕೂತಿದ್ದವು. ಬಿಂದುಮಾಧವನಿಗೆ ಆಗ ಹೊಳೆಯಿತು, ಇವತ್ತು ಆಯುಧಪೂಜೆ ತನ್ನೊಬ್ಬನಿಗಲ್ಲ.

"ಪೂಜೆಗೆ ಕುಂತವೆ ಸ್ವಾಮಿ. ಇವತ್ತು ಎತ್ತಿದ್ರೆ ವರ್ಸವೆಲ್ಲಾ ಕೈ ಓಡಕ್ಕಿಲ್ಲ. ನಾಳೆ ಬನ್ನಿ" ಎಂದ ನಿಂಗಯ್ಯ, ಬರಿಗೈಲಿ ಕಳಿಸಬಾರದೆಂದು ಕಡ್ಲೆಪುರಿಯ ಒಂದು ಪೊಟ್ಟಣ ಕೊಟ್ಟ.

ದೇವರಾಜ ಮೊಹಲ್ಲಾದ ದೊಡ್ಡ ಅಂಗಡಿಯಲ್ಲಿ ಪೂಜೆಯೂ ದೊಡ್ಡದಾಗಿತ್ತು. ಅಲ್ಲಿ ಕಡ್ಲೆಪುರಿಯ ಜೊತೆ ಒಂದು ಬರ್ಫಿಯೂ ಸಿಕ್ಕಿತು. ಅದರಾಚೆಯ ಅಂಗಡಿಯ ಯಜಮಾನ ರಹಮತ್ ಸಾಹೇಬರಾದರೂ ಕೆಲಸ ಮಾಡಿಕೊಡಬಹುದೆಂದು ಆಸೆಯಿಂದ ಹೋದರೆ, ಅವರ ಮಣೆ ಇನ್ನೂ ಅಂದವಾಗಿ ಅಲಂಕಾರಗೊಂಡಿತ್ತು. ಸಾಮಾನು ಮುಟ್ಟಿದರೆ ಕೆಲಸದ ಹುಡುಗರು ನೊಂದುಕೊಳ್ಳುತ್ತಾರೆ, ಹಬ್ಬ ಅವರದು ಎಂದು ವಿನಯದಿಂದ ಹೇಳಿ, ಅವರು ಎರಡು ಪೊಟ್ಟಣ ಕೊಟ್ಟರು. ಮತ್ತೊಬ್ಬ ಮಾತ್ರ ಒಪ್ಪಿದ. ಪುರೋಹಿತರನ್ನು ಕರೆಸಿ ಪೂಜೆ ಕದಲಿಸಿ, ರಿಪೇರಿಯಾದ ಮೇಲೆ ಮತ್ತೆ ಪೂಜೆ ಮಾಡಿಸಬೇಕು, ಎರಡು ಸಲದ ದಕ್ಷಿಣೆ, ಹಣ್ಣುಕಾಯಿ ಎಲ್ಲ ಗಿರಾಕಿಯದು ಎಂದ. ಬಿಂದುಮಾಧವ ಐವತ್ತರ ನೋಟನ್ನು ಜೇಬಿನ ಮೇಲಿಂದಲೇ ಮುಟ್ಟಿ ನೋಡಿಕೊಂಡು ಅಲ್ಲಿಂದ ಕಾಲ್ತೆಗೆದ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಗಳೆಲ್ಲ ಕಡ್ಲೆಪುರಿ ಕೊಡುತ್ತಿದ್ದರು, ಪಂಚರ್ ಹಾಕುವವರೇ ಇರಲಿಲ್ಲ.

ಮಧ್ಯಾಹ್ನದ ಬಿಸಿಲಲ್ಲಿ, ಹ್ಯಾಂಡಲ್ಲಿನ ಎರಡೂ ಕಡೆ ಪೊಟ್ಟಣಗಳನ್ನು ಜೋತುಬಿಟ್ಟುಕೊಂಡು ಅವನು ವಠಾರಕ್ಕೆ ಮರಳಿ ಮಂಗಳಮ್ಮನವರ ಜಗಲಿಯ ಮೇಲೆ ಕುಸಿದ. ಅವರ ಬಾಗಿಲ ಮೇಲೆ ದೃಷ್ಟಿಗೆಂದು ಕಟ್ಟಿದ್ದ ಒಣಗಿದ ಮೆಣಸಿನಕಾಯಿಗಳು ಯಜಮಾನನಿಲ್ಲದ ಸಂಸಾರದ ಹಾಗೆ ದಿಕ್ಕಿಗೊಂದು ಜೋಲುತ್ತಿದ್ದವು. ಮಂಗಳಮ್ಮನವರು ಕನಿಕರದಿಂದ ಮಜ್ಜಿಗೆ ಕೊಟ್ಟು, ಅರ್ಧಕ್ಕರ್ಧ ಕಡ್ಡಿಗಳೇ ಇಲ್ಲದ ಛತ್ರಿಯೊಂದನ್ನು ಅವನ ತಲೆಯ ಮೇಲೆ ಹಿಡಿದು ನಿಂತರು. ಒಳಗಿನಿಂದ ಬಂದ ವೈಜಯಂತಿ ಗಾಡಿಯನ್ನೂ ಗಂಡನನ್ನೂ ನೋಡಿದಳು. ಇಸ್ತ್ರಿ ಮಾಡಿ ಹೊರಗಿಟ್ಟಿದ್ದ ರೇಷ್ಮೆ ಸೀರೆಯನ್ನು ಮೆಲ್ಲಗೆ ಮಡಿಸತೊಡಗಿದಳು. ಬೈದಿದ್ದರೆ ಬಿಂದುಮಾಧವನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಶಿವರುದ್ರಪ್ಪನವರಿಂದ ಅದನ್ನು ನೋಡಲಾಗಲಿಲ್ಲ. "ಸೀರೆ ಮಡಿಸ್ಬೇಡಮ್ಮ, ನಾವೇ ಹಾಕೋಣ ಪಂಚರು" ಎಂದು ಅಂಗಿಯ ತೋಳು ಮಡಚಿದರು.

ಆದರೆ ವಠಾರದ ಇಕ್ಕಳ, ಸುತ್ತಿಗೆ, ಕೊನೆಗೆ ಈಳಿಗೆಮಣೆ, ಕತ್ತರಿಯವರೆಗೆ ಎಲ್ಲವೂ ಅವರವರ ದೇವರ ಮುಂದೆ ಕೂತಿದ್ದವು. ಪೂಜೆ ತಪ್ಪಿಸಿಕೊಂಡ ಸಲಕರಣೆಗಳಿಗಾಗಿ ಮನೆ ಮನೆಯಲ್ಲೂ ಹುಡುಕಾಟ ನಡೆಯಿತು. ಶಿವರುದ್ರಪ್ಪನವರ ಗಾಳಿ ಪಂಪು ಸಿಕ್ಕಿತು. ಎರವಲು ಕೊಟ್ಟಿದ್ದು ಆಗ ತಾನೆ ವಾಪಸು ಬಂದಿದ್ದರಿಂದ ಅದಕ್ಕೆ ಕುಂಕುಮ ಹತ್ತಿರಲಿಲ್ಲ. ಮತ್ತೆ, ಮಂಗಳಮ್ಮನವರ ಕಬ್ಬಿಣದ ಮಗುಚುವ ಕೈಗಳು, ದೋಸೆಯದೊಂದು ರೊಟ್ಟಿಯದೊಂದು. ಪೂಜೆಯ ಹೊತ್ತಿನಲ್ಲಿ ಅವು ಒಲೆಯ ಮುಂದೆ ಕೆಲಸದಲ್ಲಿದ್ದವು. ಅವನ್ನು ಆಯುಧವೆಂದು ಯಾರೂ ಎಣಿಸಿರಲೂ ಇಲ್ಲ. ನಿಂಗಯ್ಯನ ಹತ್ತಿರ ಓಡಿದರೆ, ತೇಪೆ ಮತ್ತು ಅಂಟು ಬರೀ ಸಾಮಾನು, ಆಯುಧವಲ್ಲ ಎಂದು ಅವನು ಶಾಸ್ತ್ರ ಹೇಳಿ ಮಾರಿದ. ಐವತ್ತರ ನೋಟು ಮುರಿಯಿತು.

ಪಾನಾ ಇಲ್ಲದ್ದರಿಂದ ಚಕ್ರ ಗಾಡಿಯಲ್ಲೇ ಉಳಿಯಿತು; ದೋಸೆಯ ಕೈ ಟೈರನ್ನು ಎಬ್ಬಿತು, ರೊಟ್ಟಿಯ ಕೈ ಅದನ್ನು ಹಿಡಿದುಕೊಂಡಿತು. ಶಿವರುದ್ರಪ್ಪನವರು ಒಂದು ಎರಡು ಎನ್ನುತ್ತಿದ್ದಂತೆ ಬಿಂದುಮಾಧವ ಮೀಟಿದ. ಮೂರು ಎನ್ನುವಾಗ ದೋಸೆಯ ಕೈ ಜಾರಿ ಅವನ ಮೊಣಕಾಲಿಗೆ ಬಡಿಯಿತು. ಎಡವಟ್ಟುಗಳನ್ನೆಲ್ಲ ಹೇಳುತ್ತ ಕೂತರೆ ಇಲ್ಲಿಗೇ ದಸರೆ ಮುಗಿದೀತು. ಬಕೆಟ್ಟಿನಲ್ಲಿ ಮುಳುಗಿಸಿದ ಟ್ಯೂಬಿನಿಂದ ಗುಳ್ಳೆ ಎದ್ದಿತು, ತೂತು ಸಿಕ್ಕಿತು, ಮೊಳೆ ಮಾತ್ರ ಎಲ್ಲೂ ಸಿಗಲಿಲ್ಲ. ದಾರಿಯಲ್ಲಿ ಬಿದ್ದುಹೋಗಿರಬೇಕೆಂದು ತೀರ್ಮಾನವಾಯಿತು. ತೇಪೆ ಕೂತಿತು, ಟೈರು ಕೂತಿತು. ಸರದಿಯ ಮೇಲೆ ಇಡೀ ವಠಾರ ಗಾಳಿ ಹೊಡೆದು ಸಂಜೆಯ ಹೊತ್ತಿಗೆ ಚಕ್ರ ಕಲ್ಲಿನ ಹಾಗೆ ಗಟ್ಟಿಯಾಯಿತು.

ಮಂಗಳಮ್ಮನವರು ಗ್ರೀಸು ಮೆತ್ತಿದ ಮಗುಚುವ ಕೈಗಳನ್ನು ಎತ್ತಿಕೊಂಡು ಒಳಗೆ ಹೋದರು. ವೈಜಯಂತಿ ರೇಷ್ಮೆ ಸೀರೆಯುಟ್ಟು, ಮಲ್ಲಿಗೆ ಮುಡಿದು, ಹಣ್ಣಿನ ಚೀಲ ಹಿಡಿದು ಬಂದು ಗಾಡಿಯ ಮೇಲೆ ಒಂದು ಪಕ್ಕಕ್ಕೆ ಕೂತು ಗಂಡನ ಹೆಗಲ ಮೇಲೆ ಕೈಯಿಟ್ಟಳು. ನೆತ್ತಿಯ ಮೇಲೆ ಕೆಂಪು ಹೆಲ್ಮೆಟ್, ಹೆಗಲ ಮೇಲೆ ಆ ಕೈ. ಬಿಂದುಮಾಧವನಿಗೆ ತಾನೇ ಜಂಬೂಸವಾರಿ ಹೊರಟಂತಾಯಿತು.

"ತಡಿಯಪ್ಪ" ಎಂದು ಮಂಗಳಮ್ಮನವರು ಒಳಗಿನಿಂದ ಓಡಿ ಬಂದರು. ಪೂಜೆಯಾದ ಚಕ್ರದ ಟೈರನ್ನು ಬಿಚ್ಚಿ ಹಾಕಿದ ಮೇಲೆ ಮೊದಲಿನ ಪೂಜೆ ಲೆಕ್ಕಕ್ಕಿಲ್ಲ, ಹಾಗೇ ಹೋಗಬಾರದು ಎಂಬುದು ಅವರ ವಾದ. ಇಡೀ ವಠಾರ ತಲೆಯಾಡಿಸಿತು. ಅವರ ಕೈಯಲ್ಲಿ ಕುಂಕುಮ ಮೆತ್ತಿದ ಇನ್ನೊಂದು ನಿಂಬೆಹಣ್ಣಿತ್ತು. ಅದನ್ನೂ ಮುಂದಿನ ಚಕ್ರದ ಕೆಳಗೇ ಇಟ್ಟರು. ಬಿಂದುಮಾಧವ ಕೈಮುಗಿದು ಗಾಡಿ ಬಿಟ್ಟ.

ಈ ಸಲ ಹಣ್ಣು ನೆಲದ ಮೇಲೆ ಉಳಿಯಲಿಲ್ಲ. ಟೈರಿಗೇ ಕಚ್ಚಿಕೊಂಡು ಒಂದು ಸುತ್ತು ತಿರುಗಿ ಮೇಲೆ ಬಂತು. ಜೊತೆಗೇ ಬುಸ್ಸೆಂದು ಸದ್ದಾಯಿತು. ಗಾಡಿಯ ಮೂತಿ ಮೆಲ್ಲಗೆ ಕೆಳಗಿಳಿಯಿತು.

ಶಿವರುದ್ರಪ್ಪನವರು ಬಗ್ಗಿ ಹಣ್ಣನ್ನು ಕಿತ್ತರು. ಒಳಗಿನಿಂದ ಬೆರಳುದ್ದದ, ಮುರಿದು ಚೂಪಾದ ಛತ್ರಿಯ ಕಡ್ಡಿ ಹೊರಗೆ ಬಂತು. ಎಲ್ಲರೂ ಮಂಗಳಮ್ಮನವರ ಕಡೆ ತಿರುಗಿದರು.

"ದಾರದಲ್ಲಿ ಪೋಣಿಸಿದ್ರೆ ಕೊಳೆತು ಬಿದ್ಹೋಗತ್ತೆ ಅಂತ ದೃಷ್ಟಿ ನಿಂಬೆಹಣ್ಣನ್ನ ಕಡ್ಡೀಗೆ ಚುಚ್ಚಿದ್ದೆ. ಕೀಳಕ್ಕೆ ಬರ್ಲಿಲ್ಲ, ಕಡ್ಡೀನೇ ಮುರಿದೆ" ಎಂದರು ಅವರು, ಸ್ವಲ್ಪವೂ ಅಳುಕದೆ. "ಬೆಳಿಗ್ಗೆ ಕೊಟ್ಟಿದ್ದು ಮುಂದಿನ ಬಾಗಿಲಿಂದು, ಇದು ಹಿತ್ತಲ ಬಾಗಿಲಿಂದು. ಈ ರೇಟಲ್ಲಿ ಹೊಸದು ಯಾರು ತರ್ತಾರಪ್ಪ?"

ನಿಂಬೆಹಣ್ಣಿನ ಬೆಲೆಗೆ ಹೆದರಿ ಒಂದೇ ಹಣ್ಣು ತಂದವನು ಈ ಪ್ರಶ್ನೆಗೆ ಯಾವ ಬಾಯಲ್ಲಿ ಉತ್ತರ ಹೇಳಬೇಕು? ಸೋಲೊಪ್ಪದ ಶಿವರುದ್ರಪ್ಪನವರು ಮತ್ತೆ ತೋಳು ಮಡಚಿ, ಇನ್ನೂ ಹೊತ್ತಿದೆ, ಆ ಮಗುಚುವ ಕೈಗಳನ್ನು ತನ್ನಿ ಎಂದರು.

"ಅವು ಬರಲ್ಲ" ಎಂದರು ಮಂಗಳಮ್ಮ. "ಬೆಳಿಗ್ಗೆ ಬರೀ ದೋಸೆ ಹಾಕೋವು ಅನ್ಕೊಂಡಿದ್ದೆ. ಗಾಡಿ ರಿಪೇರಿ ಮಾಡಿದ್ಮೇಲೆ ಅವೂ ಆಯುಧಾನೇ ಅಲ್ವಾ? ತೊಳೆದು ಅರಿಶಿನ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಬುಟ್ಟೆ. ನಾಳೆವರೆಗೂ ಮುಟ್ಟೋ ಹಾಗಿಲ್ಲ."

ಶಿವರುದ್ರಪ್ಪನವರು ಮಡಚಿದ ತೋಳನ್ನು ಇಳಿಸಿಕೊಂಡರು. ವೈಜಯಂತಿ ಗಾಡಿಯಿಂದ ಇಳಿದು ನೆರಿಗೆ ಸರಿಮಾಡಿಕೊಂಡಳು. ಅವಳು ಅಳುತ್ತಾಳೆಂದು ಬಿಂದುಮಾಧವ ಹೆದರಿದ. ಅವಳು ಅಳಲಿಲ್ಲ. ಅಕ್ಕ ತಂಗಿಯರ ಲೆಕ್ಕಾಚಾರ ಗಂಡಸರಿಗೆ ತಿಳಿಯುವಂಥದ್ದಲ್ಲ.

"ನಡೀರಿ, ಬಸ್ಸಿಗೆ ಹೋಗೋಣ. ಆ ಹೆಲ್ಮೆಟ್ ಮಾತ್ರ ಕೈಯಲ್ಲೇ ಇರಲಿ" ಎಂದಳು. "ಅದನ್ನ ಹಿಡ್ಕೊಂಡು ಒಳಗೆ ಬನ್ನಿ. ಗಾಡಿ ಎಲ್ಲಿ ಅಂತ ಯಾರೂ ಕೇಳಲ್ಲ."

ಕಿಕ್ಕಿರಿದ ಸಿಟಿ ಬಸ್ಸಿನಲ್ಲಿ ಬಿಂದುಮಾಧವ ಹೆಲ್ಮೆಟ್ಟನ್ನು ಎಳೆಗೂಸಿನಂತೆ ಎದೆಗವಚಿಕೊಂಡು ನಿಂತ. ಕಂಡಕ್ಟರ್ ಅದನ್ನೂ ಅವನನ್ನೂ ಎರಡು ಸಲ ನೋಡಿದ. ಬಸ್ಸಿಳಿದು ಅಕ್ಕನ ಮನೆಯ ತಿರುವಿಗೆ ಬರುತ್ತಲೇ ವೈಜಯಂತಿ ಗಂಡನ ಕೂದಲನ್ನು, ಇದ್ದಷ್ಟನ್ನು, ಗಾಳಿಗೆ ಕೆದರಿದಂತೆ ಕೆದರಿದಳು.

ಬಾಗಿಲು ತೆರೆದ ಇಂದುಮತಿಯ ಕಣ್ಣು ಮೊದಲು ಹೆಲ್ಮೆಟ್ಟಿನ ಮೇಲೆ ಬಿತ್ತು. ಮುಖ ಅರಳಿತು. ಕೈಹಿಡಿದು ಒಳಗೆ ಕರೆದೊಯ್ದು ತುಂಬಿದ ಹಜಾರದಲ್ಲಿ, ನನ್ನ ತಂಗಿ ಈ ಸಲ ಗಾಡಿಯಲ್ಲಿ ಬಂದಿದ್ದಾಳೆ ಎಂದು ದೊಡ್ಡ ದನಿಯಲ್ಲಿ ಸಾರಿದಳು. 'ಪಾಪ' ಎನ್ನಲಿಲ್ಲ. ವೈಜಯಂತಿ ತಲೆಯೆತ್ತಿ ಗೊಂಬೆಗಳ ಮುಂದೆ ಕೂತಳು. ಬಿಂದುಮಾಧವನಿಗೆ ಬೆಳಗಿನಿಂದ ಪಟ್ಟ ಪಾಡೆಲ್ಲ ಸಾರ್ಥಕವಾದಂತಾಯಿತು. ಸಂತೋಷದಿಂದ ಎರಡು ಸಲ ಕೋಸಂಬರಿ ಹಾಕಿಸಿಕೊಂಡ.

ಊಟ ಮುಗಿಯುವ ಹೊತ್ತಿಗೆ ಇಂದುಮತಿ ಅವನ ಹತ್ತಿರ ಬಂದಳು.

"ದೇವರು ಕಳಿಸ್ದಂಗೆ ಬಂದ್ರಿ ಕಣ್ರೀ. ನಮ್ಮ ಸ್ಕೂಟರ್ರು ಬೆಳಿಗ್ಗೆಯಿಂದ ಪಂಚರು, ಇವತ್ತು ಯಾರೂ ಸಾಮಾನು ಮುಟ್ತಿಲ್ಲ. ನಮ್ಮತ್ತೇನ ಸ್ವಲ್ಪ ಗಾಡೀಲಿ ಸರಸ್ವತಿಪುರಂಗೆ ಬಿಟ್ಬುಡ್ತೀರಾ? ವೈಜೂ ನೀವು ಬರೋವರೆಗೂ ಇಲ್ಲೇ ಇರ್ತಾಳೆ."

ಬಿಂದುಮಾಧವ ಹೆಂಡತಿಯ ಕಡೆ ನೋಡಿದ. ವೈಜಯಂತಿ ತದೇಕಚಿತ್ತದಿಂದ ಪಟ್ಟದ ಗೊಂಬೆಗಳನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಇಂದುಮತಿಯ ಅತ್ತೆ, ತುಂಬು ಮೈಯ ಹಿರಿಯ ಜೀವ, ಸೆರಗನ್ನು ಭದ್ರವಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಲ್ಲಿ ತಯಾರಾಗಿ ನಿಂತಿದ್ದರು. ಕೆಂಪು ಹೆಲ್ಮೆಟ್ಟನ್ನು ಆಗಲೇ ತಲೆಗೆ ಹಾಕಿಕೊಂಡಿದ್ದರು.