ಸೇತುರಾಮರ ಆನ್‌ಲೈನ್ ಕಚೇರಿ

ಸೇತುರಾಮರು ಸಂಘದವರು ಕಳಿಸಿದ್ದ ಲಿಂಕಿನ ಮೇಲೆ ಒತ್ತಿದರು. ಪರದೆಯ ನಡುವೆ ಪುಟ್ಟ ಬಳೆಯೊಂದು ಹುಟ್ಟಿ ತಿರುಗತೊಡಗಿತು. ಮತ್ತೆ ಒತ್ತಿದರು. ನವಗ್ರಹ ಸುತ್ತುವ ಅಜ್ಜಿಯ ಹಾಗೆ ಬಳೆ ಯಾವ ಅವಸರವೂ ಇಲ್ಲದೆ ತಿರುಗುತ್ತಲೇ ಇತ್ತು.

"ಕಾತ್ಯಾಯಿನೀ! ಕಂಪ್ಯೂಟರ್ ಸತ್ತೋಯ್ತು!"

"ಬೆಳಿಗ್ಗೆ ಚೆನ್ನಾಗೇ ಇತ್ತಲ್ರೀ," ಎಂದರು ಹೆಂಡತಿ ಅಡುಗೆಮನೆಯಿಂದ. "ನೀವು ಅಭ್ಯಾಸ ಮಾಡಿದ್ದನ್ನ ಕೇಳಿಸಿಕೊಂಡಿರಬೇಕು."

ತಮಾಷೆಯ ಹೊತ್ತಲ್ಲ ಅದು. ವಿಮಾ ಕಂಪನಿಯಿಂದ ನಿವೃತ್ತರಾದ ಮೇಲೆ ಸೇತುರಾಮರು ಸಂಗೀತಕ್ಕೆ ಸೇರಿದ್ದರು. ಶಾಲೆಯ ಮಕ್ಕಳ ಜೊತೆ ಚಾಪೆಯ ಮೇಲೆ ಕೂತು ಸರಳೆ ವರಸೆಯಿಂದ ಶುರುಮಾಡಿ, ಮಂಡಿನೋವು ಸಹಿಸಿ ದೇವರನಾಮದವರೆಗೆ ಬಂದಿದ್ದರು. ಜೆ.ಪಿ. ನಗರದ ಹಿರಿಯರ ಸಂಘ ತಿಂಗಳಿಗೊಮ್ಮೆ ನಡೆಸುವ ಆನ್‌ಲೈನ್ ಕಾರ್ಯಕ್ರಮದಲ್ಲಿ ಇವತ್ತು ಸಂಜೆ ಅವರ ಮೊದಲ ಕಚೇರಿ. 'ನಿನ್ನ ಗಂಟಲಿಗೆ ಹರಾಜು ಕೂಗೋದೇ ಸರಿ' ಎಂದು ಮದುವೆಮನೆಯಲ್ಲಿ ಎಲ್ಲರೆದುರು ನಕ್ಕಿದ್ದ ಭಾವನಿಗೆ ಅವರು ಖುದ್ದಾಗಿ ಫೋನ್ ಮಾಡಿ, ನೋಡಲೇಬೇಕೆಂದು ಹೇಳಿದ್ದರು.

ಸಿದ್ಧತೆಯೂ ಜೋರಾಗಿತ್ತು. ರೇಷ್ಮೆ ಜುಬ್ಬ, ಜರಿ ಶಲ್ಯ, ಹಣೆಗೆ ಗಂಧ. ಸೊಂಟದ ಕೆಳಗೆ ಮಾತ್ರ ಪಟ್ಟಾಪಟ್ಟಿ ಚಡ್ಡಿ. ಕ್ಯಾಮೆರಾ ಅಲ್ಲಿಯವರೆಗೆ ಇಳಿಯುವುದಿಲ್ಲವೆಂಬ ಧೈರ್ಯ.

ಕೂಗು ಕೇಳಿ ಮೊದಲು ಬಂದವರು ಎದುರುಮನೆಯ ತಿಮ್ಮರಾಯಪ್ಪ. ಸಾರಕ್ಕಿಯ ಹಳೆಯ ಒಕ್ಕಲು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಾಲ್ಕಂತಸ್ತು ಎಬ್ಬಿಸಿ ಬಾಡಿಗೆಗೆ ಬಿಟ್ಟಿದ್ದರು. ಅವರ ಹಿಂದೆಯೇ ಮಹಡಿಯಿಂದ ದಿನೇಶ ಇಳಿದು ಬಂದ. ಸಿಲ್ಕ್ ಬೋರ್ಡ್ ಹತ್ತಿರದ ಯಾವುದೋ ಆಫೀಸಿನಲ್ಲಿ ಲೆಕ್ಕ ಬರೆಯುವವನು. ಒಮ್ಮೆ ಇವರ ಮೌಸ್ ರಿಪೇರಿ ಮಾಡಿದ್ದರಿಂದ ಮನೆಯವರ ಪಾಲಿಗೆ ಎಂಜಿನಿಯರ್.

"ಅಂಕಲ್, ಮೆಮೊರಿ ಫುಲ್ ಆಗಿರ್ಬೇಕು," ಎಂದ ದಿನೇಶ. "ಯಾವ್ಯಾವ ಪ್ರೋಗ್ರಾಂ ಎಷ್ಟು ತಿಂತಿದೆ ನೋಡೋಣ. ಟಾಸ್ಕ್ ಮ್ಯಾನೇಜರ್‌ನ ಕರೀತೀನಿ."

"ಮ್ಯಾನೇಜರ್ ಇದ್ದೂ ಹಿಂಗಾಗದಾ?" ಎಂದರು ತಿಮ್ಮರಾಯಪ್ಪ.

ದಿನೇಶ ಮೂರು ಗುಂಡಿ ಒಟ್ಟಿಗೆ ಒತ್ತಿದ. ಕಂಪ್ಯೂಟರ್ ತುಂಬಾ ಹೊತ್ತು ಯೋಚನೆ ಮಾಡಿದ ಮೇಲೆ ಪರದೆಯ ತುಂಬ ಒಂದು ಪಟ್ಟಿ ಬಿಚ್ಚಿಕೊಂಡಿತು. 'ಮೆಮೊರಿ' ಎಂದಿದ್ದ ಕಡೆ ಒತ್ತಿದ್ದೇ ತಡ, ಹೆಚ್ಚು ತಿನ್ನುವವರೆಲ್ಲ ಮೇಲಕ್ಕೆ ಬಂದು ಸಾಲಾಗಿ ನಿಂತರು.

ತಿಮ್ಮರಾಯಪ್ಪನವರ ಕಣ್ಣು ಅರಳಿತು. "ಓಹೋ, ಇಷ್ಟು ಜನ ಬಾಡಿಗೆದಾರ್ರು ಅವ್ರಾ ಒಳಗೆ? ಒಬ್ಬೊಬ್ಬರನ್ನಾಗಿ ಖಾಲಿ ಮಾಡ್ಸಿ ಸ್ವಾಮಿ!"

ಮೊದಲು ಸಿಕ್ಕಿದ್ದು ಪ್ರಿಂಟರಿನ ಸಹಾಯಕ. ಪ್ರಿಂಟರ್ ಕೆಟ್ಟು ಗುಜರಿಗೆ ಹೋಗಿ ಎಷ್ಟೋ ಕಾಲವಾಗಿತ್ತು. ಸಹಾಯಕ ಮಾತ್ರ ಇನ್ನೂ ಕೂತು ಉಣ್ಣುತ್ತಿದ್ದ. ಅವನನ್ನು ಹೊರಗಟ್ಟಿದರು. ವೈರಸ್ ಕಾಯುವವನು ಒಬ್ಬನೇ ಅರ್ಧ ಮನೆ ತಿನ್ನುತ್ತಿದ್ದ. "ವಾಚ್‌ಮನ್ನು ಹಾಲ್‌ನಾಗೆ ಮಲಗವ್ನೆ," ಎಂದು ತಿಮ್ಮರಾಯಪ್ಪ ತೀರ್ಪು ಕೊಟ್ಟರು. ಆದರೆ ಆ ಆಸಾಮಿ ಜಪ್ಪಯ್ಯ ಅಂದರೂ ಏಳಲಿಲ್ಲ.

"ಇದೇನಿದು, ಜಾತಕ ಅಂತ?" ದಿನೇಶ ಕೇಳಿದ.

ಕಾತ್ಯಾಯಿನಿ ಸೌಟು ಹಿಡಿದೇ ಓಡಿಬಂದರು. "ಅದನ್ನ ಮುಟ್ಟಬೇಡಪ್ಪಾ! ಅಕ್ಕನ ಮಗಳಿಗೆ ಗಂಡು ನೋಡ್ತಿದೀನಿ."

"ನನ್ನ ಕಚೇರಿಗಿಂತ ನಿನ್ನ ಜಾತಕ ಹೆಚ್ಚಾಯ್ತಾ?"

"ಜಾತಕ ಕೂಡಿದ್ರೆ ಒಂದು ಮದುವೆ ಆಗತ್ತೆ. ನೀವು ಹಾಡಿದ್ರೆ ಏನಾಗತ್ತೆ? ಮೊನ್ನೆ ಸೊಪ್ಪಿನವಳು ಅರ್ಧ ಹಾಡಿಗೇ ಚಿಲ್ಲರೆನೂ ಇಸ್ಕೊಳ್ದೆ ಹೋದಳು."

ಸೇತುರಾಮರ ಸಿಟ್ಟು ಸಂಘದ ಕಾರ್ಯದರ್ಶಿಯ ಕಡೆ ತಿರುಗಿತು. "ಎಲ್ಲಾ ಆ ಬಸವಪ್ರಸಾದನದ್ದೇ ತಪ್ಪು. ಅದೆಂಥದೋ ಹೊಸ ಪ್ರೋಗ್ರಾಂ ಹಾಕ್ಕೊಳಿ ಅಂತ ಹಾಕಿಸ್ದ. ತಲೆ ಮೇಲೆ ಸುಳ್ಳು ಕೂದಲು ಇಟ್ಕೊಂಡಿರೋನ ಮಾತು ಕೇಳಿದ್ನಲ್ಲ, ನನಗೆ ಬುದ್ಧಿ ಇಲ್ಲ!"

ಇಷ್ಟರಲ್ಲಿ ತಿಮ್ಮರಾಯಪ್ಪನವರಿಗೆ ಹೊಸ ವಿಚಾರ ಹೊಳೆಯಿತು. "ಕರೆಂಟ್ ಲೋಡು ಕಮ್ಮಿ ಮಾಡಿದ್ರೆ ಇದಕ್ಕೂ ಉಸಿರು ಬತ್ತದೆ," ಎಂದವರೇ ಸ್ಪೀಕರಿನ ವೈರು ಕಿತ್ತರು. ಸೇತುರಾಮರಿಗೂ ಅದು ಸರಿಯೆನಿಸಿತು. ಕುರ್ಚಿ ಹತ್ತಿ, ಕಂಪ್ಯೂಟರಿನ ಎದುರು ಗೋಡೆಯ ಎತ್ತರದಲ್ಲಿದ್ದ ಪ್ಲಗ್ಗು, ಫ್ಯೂಸುಗಳಿಗೆ ಕೈಹಾಕಿದರು. ಮೊದಲು ಟೇಬಲ್ ಫ್ಯಾನ್ ನಿಂತಿತು. ಆಮೇಲೆ ಅಡುಗೆಮನೆಯ ಮಿಕ್ಸಿ ನಿಂತಿತು. "ನನ್ನ ಚಟ್ನಿ!" ಎಂಬ ಕೂಗಿಗೆ ಬೆಚ್ಚಿ ಅವರು ವಾಲಿದಾಗ ತಿಮ್ಮರಾಯಪ್ಪ ಶಲ್ಯ ಹಿಡಿದೆಳೆದರು, ದಿನೇಶ ಕಾಲು ತಬ್ಬಿಕೊಂಡ. ಮೂವರೂ ದಿವಾನದ ಮೇಲೆ ಹಾಸಿಗೆಯ ಸುರುಳಿಯ ಹಾಗೆ ಉರುಳಿದರು.

"ಅಂಕಲ್, ಸಿಕ್ಕಿದ!" ಎದ್ದವನೇ ದಿನೇಶ ಕಿರುಚಿದ. ಪಟ್ಟಿಯ ತುತ್ತತುದಿಗೆ ಇಂಗ್ಲಿಷ್ ಅಕ್ಷರವೂ ಅಂಕಿಯೂ ಕಲಸಿದ ವಿಚಿತ್ರ ಹೆಸರೊಂದು ಬಂದು ಕೂತಿತ್ತು. ನೋಡನೋಡುತ್ತ ಅದರ ಲೆಕ್ಕ ಆಟೋ ಮೀಟರಿನ ಹಾಗೆ ಏರುತ್ತಿತ್ತು. "ಇರೋಬರೋ ಮೆಮೊರಿನೆಲ್ಲ ಇವನೊಬ್ಬನೇ ತಿಂತಿದಾನೆ. ಯಾರಿವನು, ಆಂಟಿ?"

"ನಂದಲ್ಲಪ್ಪ," ಎಂದರು ಕಾತ್ಯಾಯಿನಿ.

"ನಂದೂ ಅಲ್ಲ," ಎಂದರು ಸೇತುರಾಮರು.

"ಅಡ್ವಾನ್ಸ್ ಇಲ್ಲ, ಅಗ್ರಿಮೆಂಟ್ ಇಲ್ಲ, ಸುಮ್ನೆ ಬಂದು ಸೇರ್ಕಂಡವ್ನೆ. ಎತ್ತಾಕಿ ಆಚೆಗೆ!" ತಿಮ್ಮರಾಯಪ್ಪ ಲುಂಗಿ ಎತ್ತಿ ಕಟ್ಟಿದರು.

ದಿನೇಶ ಒತ್ತಿದ. ಹೆಸರು ಮಾಯವಾಯಿತು. ಕಂಪ್ಯೂಟರ್ ನಿಟ್ಟುಸಿರಿಟ್ಟಂತೆ ಅದರ ಒಳಗಿನ ಫ್ಯಾನಿನ ಗುರುಗುಟ್ಟುವಿಕೆಯೂ ನಿಂತಿತು. ಬಾಣ ಚುರುಕಾಗಿ ಓಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ದಿನೇಶ ಕ್ಯಾಮೆರಾದ ಚಿತ್ರದ ಮೇಲೆ ಒತ್ತಿದ್ದೇ ಸೇತುರಾಮರ ಮುಖ ಪರದೆಯ ತುಂಬ ಮೂಡಿತು.

"ಬಂತು ಅಂಕಲ್! ಹಾಡಿ!"

ಅವರು ಶಲ್ಯ ಸರಿಮಾಡಿ, ಶ್ರುತಿಪೆಟ್ಟಿಗೆ ಹಾಕಿ, ಕಣ್ಣು ಮುಚ್ಚಿದರು. ಅಷ್ಟು ಹೊತ್ತಿನ ಕೂಗಾಟಕ್ಕೋ ಏನೋ ಗಂಟಲು ಚೆನ್ನಾಗಿ ತೆರೆದುಕೊಂಡಿತ್ತು. ಪಲ್ಲವಿ ತಾನಾಗಿ ಎದ್ದಿತು. ಟೀಚರ್ ಎಷ್ಟು ಸಲ ತಿದ್ದಿದರೂ ಕೂರದಿದ್ದ ಮೇಲಿನ ಷಡ್ಜ ಇವತ್ತು ನೇರವಾಗಿ ಹೋಗಿ ನಿಂತಿತು. ಒಗ್ಗರಣೆಗೆ ಹೊರಟಿದ್ದ ಕಾತ್ಯಾಯಿನಿ ಬಾಗಿಲಲ್ಲೇ ನಿಂತರು. ತಿಮ್ಮರಾಯಪ್ಪ ಲುಂಗಿ ಇಳಿಸಿ ಕೈಮುಗಿದರು. ಹಾಡು ಮುಗಿಯಿತು.

"ಚೆನ್ನಾಗಿತ್ತು ರೀ," ಎಂದರು ಕಾತ್ಯಾಯಿನಿ ಮೆಲ್ಲಗೆ. ಇಷ್ಟು ವರ್ಷದ ಸಂಸಾರದಲ್ಲಿ ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

ಅಷ್ಟರಲ್ಲಿ ಬಸವಪ್ರಸಾದರ ಫೋನ್ ಬಂತು. ಸೇತುರಾಮರು ಎಲ್ಲರೂ ಕೇಳಲಿ ಎಂದು ಲೌಡ್ ಸ್ಪೀಕರ್ ಒತ್ತಿದರು.

"ಸಾರ್! ಏನ್ ಪ್ರೋಗ್ರಾಂ ಸಾರ್! ಸಂಘ ಶುರುವಾದಾಗಿಂದ ಇಷ್ಟು ಜನ ನೋಡೇ ಇಲ್ಲ."

"ಎಲ್ಲಾ ಗುರುಗಳ ಆಶೀರ್ವಾದ," ಎಂದರು ಸೇತುರಾಮರು ಶಲ್ಯ ಸರಿಮಾಡಿಕೊಳ್ಳುತ್ತ. "ಆ ಮೇಲಿನ ಷಡ್ಜ ಕೇಳಿಸ್ತಾ?"

"ಯಾವ ಷಡ್ಜ ಸಾರ್? ನೀವು ಲಿಂಕ್ ಒತ್ತಿದ ತಕ್ಷಣ ಎಲ್ಲರಿಗೂ ಕಾಣಿಸ್ತಿದ್ರಿ. ನಾವು ಎಷ್ಟು ಕೂಗಿದ್ರೂ ನಿಮಗೆ ಕೇಳಿಸ್ಲಿಲ್ಲ. ನೀವು ಕುರ್ಚಿ ಹತ್ತಿದಾಗಂತೂ ನಮ್ಮನೇವ್ರು ನಕ್ಕು ನಕ್ಕು ಕೆಳಗೆ ಕೂತುಬಿಟ್ರು. ನಿಮ್ಮ ಭಾವ ಅಂತೆ, ಅವರಂತೂ ಇನ್ನೊಂದ್ಸಲ ಹಾಕಿ ಅಂತ ಬರೆದಿದಾರೆ. ಆಮೇಲೆ ನೀವು ಮೂರೂ ಜನ ಸೇರಿ ನಮ್ಮ ಪ್ರೋಗ್ರಾಂನೇ ಖಾಲಿ ಮಾಡಿಸಿಬಿಟ್ರಲ್ಲ, ಅಲ್ಲಿಗೆ ಕಟ್ಟಾಯ್ತು."

ಸೇತುರಾಮರು ಕುರ್ಚಿಯ ಮೇಲೆ ಕುಸಿದರು. "ಹಾಗಾದ್ರೆ... ಹಾಡು?"

"ಹಾಡಿದ್ರಾ? ಗೊತ್ತಾಗ್ಲಿಲ್ಲ ಸಾರ್. ನನ್ನ ಕೂದಲಿನ ವಿಷಯ ಬಿಡಿ, ಅದು ಎಲ್ಲರಿಗೂ ಮೊದಲೇ ಗೊತ್ತಿತ್ತಂತೆ, ಗೊತ್ತಿದೆ ಅನ್ನೋದು ನನಗೇ ಗೊತ್ತಿರ್ಲಿಲ್ಲ. ಮುಂದಿನ ತಿಂಗಳೂ ನಿಮ್ಮದೇ ಸಾರ್, ಈ ಸಲ ಒಂದು ಗಂಟೆ ಪೂರ್ತಿ. ಆ ಲುಂಗಿ ಯಜಮಾನ್ರು, ನಿಮ್ಮ ಮನೆಯವ್ರು, ಎಲ್ಲಾರೂ ಬರ್ಲಿ. ಒಂದೇ ವಿನಂತಿ: ದಯವಿಟ್ಟು ಹಾಡೋದೊಂದು ಬೇಡ."

ಫೋನಿಟ್ಟು ಸೇತುರಾಮರು ಸಮಾಧಾನ ಬೇಡುವಂತೆ ತಲೆಯೆತ್ತಿದರು. ತಿಮ್ಮರಾಯಪ್ಪ ಆಗಲೇ ಕನ್ನಡಿಯ ಮುಂದೆ ನಿಂತು ಮೀಸೆ ತಿದ್ದುತ್ತಿದ್ದರು. ಕಾತ್ಯಾಯಿನಿ ಬೀರು ತೆರೆದು ಎರಡು ಸೀರೆ ಎತ್ತಿಹಿಡಿದು ಕೇಳಿದರು: "ರೀ, ಮುಂದಿನ ತಿಂಗಳಿಗೆ ಇದು ಸರಿಹೋಗತ್ತೋ, ಅದೋ?"