ಕಪಾಟಿನ ಮೇಲಿನ ಗುಂಡು ಗಾದಿ

ನಾನು ಗುಂಡು ಗಾದಿ ಹೊಲಿಯಲು ಶುರುಮಾಡಿದ ಮೇಲೆ ನಗದೆ ಮಲಗಿದ ದಿನವೇ ಇಲ್ಲ. ಮೊಣಕಾಲಿಗಿಂತ ತಗ್ಗು, ಒಳಗೆ ಒತ್ತಿ ತುಂಬಿದ ಹತ್ತಿ, ಮೇಲೆ ಇಳಕಲ್ ಸೀರೆಯ ಅಂಚು. ಪೇಟೆಯವರು ಪೂಫ್ ಅನ್ನುತ್ತಾರೆ. ಸೋಫಾದಲ್ಲಿ ಕೂತು ಅದರ ಮೇಲೆ ಕಾಲು ಚಾಚಬೇಕು. ಸಿಂಧನೂರಿನಲ್ಲಿ ಇದನ್ನು ಹೊಲಿಯುವವಳು ನಾನೊಬ್ಬಳೇ, ಜಂಬದಿಂದಲೇ ಹೇಳುತ್ತೇನೆ.

ಮೊದಲನೆಯದನ್ನು ಹೊಲಿದದ್ದು ಅಬ್ಬಾನಿಗೆ, ನಮ್ಮಪ್ಪನಿಗೆ. ಜೀವಮಾನವಿಡೀ ನೆಲದ ಮೇಲೆ ಕೂತು ಗಾದಿ ಹೊಲಿದು ಮೊಣಕಾಲು ಸವೆಸಿಕೊಂಡವರು. ಒಮ್ಮೆ ಆರಾಮಾಗಿ ಕಾಲು ಚಾಚಲಿ ಎಂಬುದೇ ನನ್ನ ಆಸೆ.

"ತೋಬಾ! ಅನ್ನ ಕೊಟ್ಟ ಕಸಬಿನ ಮ್ಯಾಲ ಕಾಲಿಡೂದಾ?"

"ಗಾದಿ ಮ್ಯಾಲ ಮಲಗಿದಾಗ ಕಾಲು ಎಲ್ಲಿಡ್ತೀರಿ ಅಬ್ಬಾ?"

"ಅದು ಬ್ಯಾರೆ" ಎಂದವರೇ ಅದನ್ನು ನಮ್ಮ ಅಂಗಡಿಯ ಕಪಾಟಿನ ಮೇಲೆ ಏರಿಸಿದರು.

ಬೀಗರ ಮರ್ಯಾದೆ

ಊರಿನ ರೈಸ್ ಮಿಲ್ ಸಾಹುಕಾರರು ಎರಡು ಒಯ್ದಿದ್ದರು. ಒಂದು ದಿನ ಹೋಗಿ ನೋಡಿದರೆ ಬೀಗರಿಬ್ಬರು ಅವುಗಳ ಮೇಲೆ, ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು, ಚಹಾ ಕುಡಿಯುತ್ತಿದ್ದಾರೆ! ಸೋಫಾ ಖಾಲಿ.

"ಸಾಹುಕಾರ್ರ, ಅದು ಕಾಲಿಡಾಕ ರೀ" ಎಂದು ಪಿಸುಗುಟ್ಟಿದೆ.

"ಸುಮ್ನಿರವ್ವಾ. ಸೋಫಾದ ಮ್ಯಾಲ ಎಲ್ಲಾರೂ ಕೂಡಸ್ತಾರ. ಇದರ ಮ್ಯಾಲ ಕೂಡಸಾವ್ರು ಯಾರದಾರ?"

ಅಜ್ಜಿಯ ಕಾಲುನೋವು

ಲಿಂಗಸುಗೂರಿನ ಬ್ಯಾಂಕಿನ ಅಕ್ಕ ಒಬ್ಬರು ಅತ್ತೆಯ ಕಾಲುನೋವಿಗೆಂದು ಒಂದು ಮಾಡಿಸಿದರು. ಆ ಅಜ್ಜಿ ಕಾಲಿಡುತ್ತಿದ್ದರು, ಕೂಡಲೇ ಬಗ್ಗಿ ಗಾದಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಮತ್ತೆ ಕಾಲು, ಮತ್ತೆ ನಮಸ್ಕಾರ. ದಿನವಿಡೀ ಇದೇ.

ವಾರದ ಮೇಲೆ ಕೇಳಿದೆ: "ಹೆಂಗೈತಿ ಅಜ್ಜಿ?"

"ಕಾಲಿಂದು ಹೋತವ್ವಾ. ಈಗ ಸೊಂಟ ಹಿಡಕೊಂಡೈತಿ."

ಮಸ್ಕಿಯ ಮಾಸ್ತರು

ಮೊನ್ನೆ ಮಸ್ಕಿಯಿಂದ ಒಬ್ಬ ಮಾಸ್ತರು ಅಂಗಡಿಗೆ ಬಂದರು. ಒಂದೊಂದನ್ನೂ ಬೆರಳಿನಿಂದ ಒತ್ತಿ ನೋಡಿ, "ಚಂದ ಅದಾವ. ಆದ್ರ ಹೆಣ್ಮಗಳ ಹೊಲಿಗಿ, ತಡೀತೈತೇನ್ರಿ?" ಎಂದು ಅಬ್ಬಾನನ್ನು ಕೇಳಿದರು.

ನನಗೆ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆಯುವಷ್ಟರಲ್ಲಿ ಅಬ್ಬಾನೇ ಎದ್ದರು. ಕಪಾಟಿನಿಂದ ಆ ಮೊದಲನೆಯ ಗಾದಿ ಇಳಿಸಿ, ಚಪ್ಪಲಿ ಬಿಟ್ಟು, ಗೋಡೆ ಹಿಡಿದು ಅದರ ಮೇಲೆ ಹತ್ತಿ ನಿಂತೇಬಿಟ್ಟರು!

"ನೋಡ್ರಿ ಮಾಸ್ತರ, ನನ್ ಮಗಳು ಹೊಲದಾಳ! ಒಂದು ಟಾಕಾ ಬಿಚ್ಚಿದ್ರ ಹೇಳ್ರಿ!" ಎಂದು ಎರಡು ಸಲ ಕುಣಿದರು.

ಹೊಲಿಗೆ ಬಿಚ್ಚಲಿಲ್ಲ, ಅಬ್ಬಾನ ಮೊಣಕಾಲು ಹಿಡಿದುಕೊಂಡಿತು. ಇಳಿಯಲು ಬಾರದು. ಒಂದು ಕಡೆ ಮಾಸ್ತರು, ಒಂದು ಕಡೆ ನಾನು ಹಿಡಿದು ಇಳಿಸಿ, ಕುರ್ಚಿಯಲ್ಲಿ ಕೂಡಿಸಿ, ಕಾಲೆತ್ತಿ ಅದೇ ಗಾದಿಯ ಮೇಲಿಟ್ಟೆವು. ಅಬ್ಬಾ ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಮೆಲ್ಲಗೆ ಕಾಲ್ಬೆರಳು ಆಡಿಸಿದರು. ನನ್ನ ಎದೆ ಉಬ್ಬಿ, ಕಣ್ಣೂ ತುಂಬಿತು.

"ಗಟ್ಟಿ ಐತಿ ಬಿಡ್ರಿ. ಇದನ್ನ ಕಟ್ಟಿಕೊಡ್ರಿ" ಎಂದರು ಮಾಸ್ತರು.

ಅಬ್ಬಾ ಕಣ್ಣು ಮುಚ್ಚಿಕೊಂಡೇ ಹೇಳಿದರು: "ಬ್ಯಾರೇದು ನೋಡ್ರಿ. ಇದು ಮಾರಿಹೋಗೈತಿ."